ಬಾಂಬಿನ ಮೇಲೊಂದು ಉಪಪ್ರಶ್ನೆ

ಸಂಸದನಾಗಿ ನೆಮ್ಮದಿಯಿಂದ ಬಾಳಿ, ಕೊನೆಗಾಲಕ್ಕೊಂದು ಲಾರ್ಡ್ ಪದವಿ ಗಿಟ್ಟಿಸಿಕೊಂಡು ಕಣ್ಣು ಮುಚ್ಚಬೇಕೆಂದು ಬಯಸುವವನು ಮೊದಲು ಕಲಿಯಬೇಕಾದದ್ದು ಏನನ್ನು ಕೇಳಬೇಕು ಎಂಬುದನ್ನಲ್ಲ, ಏನನ್ನು ಕೇಳಬಾರದು ಎಂಬುದನ್ನು. ಕಳೆದ ಶತಮಾನದ ನಡುಭಾಗದಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಈ ವಿದ್ಯೆ ಚೆನ್ನಾಗಿ ಮಾಗಿತ್ತು. ಅಲ್ಲಿ ಪ್ರಶ್ನೆ ಚಿಕ್ಕದಾದಷ್ಟೂ ಉತ್ತರ ಉದ್ದವಾಗುತ್ತಿತ್ತು. ಆಲೂಗಡ್ಡೆಯ ಬೆಲೆ ಕೇಳಿದವನಿಗೆ ಟನ್ನು, ಶಿಲ್ಲಿಂಗು, ಪೆನ್ನಿಗಳ ಸಮೇತ ಲೆಕ್ಕ ಸಿಗುತ್ತಿತ್ತು. ಹಳ್ಳಿಯ ಅಂಚೆ ಕಚೇರಿ ಸೋರುತ್ತಿದೆ ಎಂದವನಿಗೆ ದುರಸ್ತಿಯ ತಾರೀಖೂ ಸಿಗುತ್ತಿತ್ತು. ಇಡೀ ಊರನ್ನು, ಅಂಚೆ ಕಚೇರಿ ಮತ್ತು ಆಲೂಗಡ್ಡೆ ಗದ್ದೆಯ ಸಹಿತ, ಆವಿ ಮಾಡಬಲ್ಲ ವಸ್ತುವಿನ ಬಗ್ಗೆ ಕೇಳಿದರೆ ಮಾತ್ರ ಮಂತ್ರಿಗಳಿಗೆ ಒಂದೇ ಸಾಲು ಸಾಕಾಗುತ್ತಿತ್ತು.

ಆ ಸಾಲು ಮೊದಲು ಕಿವಿಗೆ ಬಿದ್ದದ್ದು 1948ರ ಮೇ 12ರಂದು. ಆಡಳಿತ ಪಕ್ಷ ಲೇಬರ್‌ನವರೇ ಆದ ಜಾರ್ಜ್ ಜೀಗರ್ ಎಂಬ ಸದಸ್ಯರು ಎದ್ದು, ಅತ್ಯಾಧುನಿಕ ಶಸ್ತ್ರಾಸ್ತ್ರಗಳ ತಯಾರಿ ಸರಿಯಾಗಿ ಸಾಗುತ್ತಿದೆಯೇ ಎಂದು ವಿಚಾರಿಸಿದರು. ವಿಚಾರಿಸಿದರು ಅನ್ನುವುದಕ್ಕಿಂತ ಅವರ ಬಾಯಿಂದ ವಿಚಾರಿಸಲಾಯಿತು ಅನ್ನುವುದು ಸರಿ. ರಕ್ಷಣಾ ಮಂತ್ರಿ ಎ. ವಿ. ಅಲೆಕ್ಸಾಂಡರ್ ಹೌದೆಂದರು, ಎಲ್ಲ ಬಗೆಯ ಆಧುನಿಕ ಶಸ್ತ್ರಗಳೂ, ಅಣ್ವಸ್ತ್ರ ಸೇರಿದಂತೆ, ಸಿದ್ಧವಾಗುತ್ತಿವೆ ಎಂದರು. ಇನ್ನೂ ಸ್ವಲ್ಪ ವಿವರ ಸಿಗಬಹುದೇ ಎಂಬ ಉಪಪ್ರಶ್ನೆ ಬಂತು. ಇಲ್ಲ, ಅದು ಸಾರ್ವಜನಿಕ ಹಿತಕ್ಕೆ ಒಳ್ಳೆಯದೆಂದು ನನಗೆ ಅನ್ನಿಸುವುದಿಲ್ಲ ಎಂದು ಮಂತ್ರಿಗಳು ಕುಳಿತರು. ಮುಂದಿನ ಪ್ರಶ್ನೆ. ಒಂದು ದೇಶ ಅಣುಬಾಂಬು ಮಾಡುತ್ತಿದೆ ಎಂಬ ಸುದ್ದಿ ಆ ದೇಶದ ಸಂಸತ್ತಿಗೆ ಮುಟ್ಟಿದ್ದು ಎರಡು ಅಲ್ಪವಿರಾಮಗಳ ನಡುವೆ ನುಸುಳಿಕೊಂಡು.

ತೀರ್ಮಾನ ಆಗಲೇ ಹದಿನಾರು ತಿಂಗಳು ಹಳಸಿತ್ತು. 1947ರ ಜನವರಿಯಲ್ಲಿ ಪ್ರಧಾನಿ ಕ್ಲೆಮೆಂಟ್ ಆಟ್ಲಿ, ತಾವೂ ಸೇರಿ ಆರೇ ಮಂತ್ರಿಗಳ ಗುಟ್ಟಿನ ಸಮಿತಿಯೊಂದರಲ್ಲಿ ಬಾಂಬಿಗೆ ಅಸ್ತು ಅಂದಿದ್ದರು. ಆ ಸಮಿತಿಯಲ್ಲಿ ಹಣಕಾಸು ಮಂತ್ರಿ ಹ್ಯೂ ಡಾಲ್ಟನ್ ಇರಲಿಲ್ಲ. ಅದಕ್ಕೆ ಮೂರು ತಿಂಗಳ ಹಿಂದೆ ನಡೆದ ಇನ್ನೊಂದು ಸಭೆಯಲ್ಲಿ ಅವರು ದುಡ್ಡೆಲ್ಲಿದೆ ಎಂಬ ಅಸಭ್ಯ ಪ್ರಶ್ನೆ ಎತ್ತಿದ್ದರು. ಹಣಕಾಸು ಮಂತ್ರಿ ಖರ್ಚಿನ ಬಗ್ಗೆ ತಕರಾರು ಮಾಡಿದರೆ ಅವರಿಲ್ಲದ ಸಮಿತಿ ಮಾಡಿಕೊಳ್ಳುವುದು ಉತ್ತಮ ಆಡಳಿತ. 1951ರಲ್ಲಿ ಮತ್ತೆ ಪ್ರಧಾನಿಯಾಗಿ ಬಂದ ಚರ್ಚಿಲ್ ಕಡತ ತೆರೆದು ನೋಡಿದರೆ, ಹತ್ತಿರ ಹತ್ತಿರ 10 ಕೋಟಿ ಪೌಂಡು ಸಂಸತ್ತಿನ ಕಣ್ಣಿಗೆ ಬೀಳದಂತೆ ಖರ್ಚಾಗಿಹೋಗಿತ್ತು. ಸಮಾಜವಾದಿಗಳಿಗೆ ಇಷ್ಟು ಚೆನ್ನಾಗಿ ಗುಟ್ಟು ಕಾಯಲು ಬರುತ್ತದೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

ಇಲ್ಲೊಂದು ನಮ್ಮ ಕಡೆಯ ಮಾತು ನುಸುಳುತ್ತದೆ, ತಡೆಯಲಾರೆ. ಅಲೆಕ್ಸಾಂಡರ್ ಸಾಹೇಬರು ಆ ಒಂದು ಸಾಲು ಉದುರಿಸುವುದಕ್ಕೆ ಕೆಲವೇ ವಾರಗಳ ಮುಂಚೆ, 1948ರ ಏಪ್ರಿಲ್‌ನಲ್ಲಿ, ದೆಹಲಿಯ ಸಂವಿಧಾನ ಸಭೆಯ ಮುಂದೆ ನೆಹರೂ ಅಣುಶಕ್ತಿ ಮಸೂದೆ ತಂದರು. ಮೈಸೂರಿನ ಪ್ರತಿನಿಧಿ ಎಸ್. ವಿ. ಕೃಷ್ಣಮೂರ್ತಿ ರಾವ್ ಎದ್ದು ನಿಂತು, ಬ್ರಿಟಿಷರ ಕಾಯಿದೆಯಲ್ಲಿ ಗೋಪ್ಯತೆ ಇರುವುದು ರಕ್ಷಣೆಯ ಮಟ್ಟಿಗೆ, ನಾವು ಶಾಂತಿಯ ಸಂಶೋಧನೆಗೂ ಬೀಗ ಜಡಿಯುತ್ತಿದ್ದೇವಲ್ಲ ಎಂದು ಆಕ್ಷೇಪಿಸಿದರು. ಎರಡನ್ನೂ ಬೇರೆ ಮಾಡುವುದು ಹೇಗೆಂದು ತಮಗೆ ತಿಳಿಯದು ಎಂದರು ನೆಹರೂ. ಮಸೂದೆ ಪಾಸಾಯಿತು. ಗುರುಗಳಿಗಿಂತ ಒಂದು ಬೀಗ ಹೆಚ್ಚು ಹಾಕಿದ ಶಿಷ್ಯರು ನಾವು; ಅದನ್ನು ಮೊದಲು ಎತ್ತಿ ತೋರಿಸಿದವರು ಮೈಸೂರಿನವರು ಎಂಬುದು ನಮ್ಮ ಪಠ್ಯಪುಸ್ತಕಗಳಿಗೆ ಇನ್ನೂ ತಲುಪಿಲ್ಲ.

ಹೀಗೆ ಎಲ್ಲವೂ ಸಭ್ಯವಾಗಿ ಸಾಗುತ್ತಿದ್ದ ಸದನಕ್ಕೆ ವಕ್ಕರಿಸಿದವರು ಎಮ್ರಿಸ್ ಹ್ಯೂಸ್. ಹುಟ್ಟಿದ್ದು 1894ರಲ್ಲಿ, ವೇಲ್ಸಿನ ಕಲ್ಲಿದ್ದಲ ಸೀಮೆಯಲ್ಲಿ, ತಂದೆ ಪಾದ್ರಿ. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯುವುದಿಲ್ಲ ಎಂದು ಹಟ ಮಾಡಿ ಜೈಲಿಗೆ ಹೋದರು. ಆಮೇಲೆ ಪತ್ರಕರ್ತರಾಗಿ ಗ್ಲ್ಯಾಸ್ಗೋದ ‘ಫಾರ್ವರ್ಡ್’ ಎಂಬ ಸಮಾಜವಾದಿ ವಾರಪತ್ರಿಕೆಯ ಸಂಪಾದಕರಾದರು. ಬ್ರಿಟನ್ನಿನ ಲೇಬರ್ ಪಕ್ಷಕ್ಕೆ ಮೂಲಪುರುಷನೆಂದರೆ ಕೀರ್ ಹಾರ್ಡಿ; ಅವರ ಮಗಳು ನ್ಯಾನ್‌ಳನ್ನು ಮದುವೆಯಾಗಿ, ಮಾವನ ಊರಾದ ಸ್ಕಾಟ್‌ಲೆಂಡಿನ ಕಮ್ನಾಕ್‌ನಲ್ಲಿ ನೆಲೆನಿಂತರು. 1946ರ ಉಪಚುನಾವಣೆಯಲ್ಲಿ ದಕ್ಷಿಣ ಏರ್‌ಶೈರ್ ಕ್ಷೇತ್ರದಿಂದ ಗೆದ್ದವರು 1969ರಲ್ಲಿ ತೀರಿಕೊಳ್ಳುವವರೆಗೂ ಆ ಜಾಗ ಬಿಡಲಿಲ್ಲ. ಇಪ್ಪತ್ಮೂರು ವರ್ಷ. ಅಷ್ಟರಲ್ಲಿ ಮಂತ್ರಿಯಾಗಲಿಲ್ಲ. ಆಗುವ ಲಕ್ಷಣಗಳೂ ಇರಲಿಲ್ಲ. ಚರ್ಚಿಲ್ ಬದುಕಿರುವಾಗಲೇ ಅವರ ಮೇಲೆ ಎರಡು ಪುಸ್ತಕ ಬರೆದರು, ಎರಡೂ ಹೊಗಳಿಕೆಯದ್ದಲ್ಲ. ಇದಕ್ಕಿಂತ ದೊಡ್ಡ ದೋಷವೆಂದರೆ ತಮಾಷೆ. ಸದನದಲ್ಲಿ ಕೋಪಿಸಿಕೊಳ್ಳುವ ಸದಸ್ಯನನ್ನು ನಿಭಾಯಿಸುವುದು ಸುಲಭ. ಅವನನ್ನು ಹೊರಗೆ ಹಾಕಬಹುದು. ನಗಿಸುವವನನ್ನು ಎತ್ತಿ ಹಾಕಲು ಯಾವ ನಿಯಮಾವಳಿಯಲ್ಲೂ ಅವಕಾಶವಿಲ್ಲ.

ಅವರ ಕ್ಷೇತ್ರವನ್ನೊಮ್ಮೆ ನೋಡಬೇಕು. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ, ನೇಗಿಲು ಹಿಡಿದ ಸೀಮೆ ಅದು. ನೆಲದ ಮೇಲೆ ಕೆಂಪು ಬಿಳಿ ಮಚ್ಚೆಯ ಏರ್‌ಶೈರ್ ಹಸುಗಳು, ಬೇಗ ಬರುವ ಆಲೂಗಡ್ಡೆ. ನೆಲದ ಕೆಳಗೆ ಕಲ್ಲಿದ್ದಲು. ಇಂಥಲ್ಲಿಂದ ಬಂದ ಸದಸ್ಯ ಹಾಲು, ಗಣಿ, ಮನೆ, ರಸ್ತೆಯ ಬಗ್ಗೆ ಕೇಳಿದರೆ ಯಾರಿಗೂ ಅಭ್ಯಂತರವಿಲ್ಲ. ಹ್ಯೂಸ್ ಅವೆಲ್ಲವನ್ನೂ ಕೇಳಿದರು. ಆದರೆ ಹಾಲಿನ ಪ್ರಶ್ನೆಯ ಬಾಲ ಹಿಡಿದು ಬಾಂಬಿನ ಪ್ರಶ್ನೆಯೂ ಸದನದೊಳಗೆ ನುಗ್ಗುತ್ತಿತ್ತು. ಸ್ಥಳೀಯ ಪ್ರಶ್ನೆ ಒಂದು ಕಡೆ, ದೇಶದ ಪ್ರಶ್ನೆ ಇನ್ನೊಂದು ಕಡೆ, ಭೂಮಂಡಲದ ಪ್ರಶ್ನೆ ಮಂತ್ರಿಗಳ ಜೇಬಿನಲ್ಲಿ ಎಂಬ ಶಿಸ್ತನ್ನು ಈ ಮನುಷ್ಯ ಕೊನೆಯವರೆಗೂ ಕಲಿಯಲಿಲ್ಲ. ರಕ್ಷಣಾ ಬಜೆಟ್ಟಿನ ಚರ್ಚೆ ಬಂತೆಂದರೆ ಎದ್ದು ನಿಲ್ಲುವುದು, ಇಷ್ಟು ದುಡ್ಡು ಯಾರ ರಕ್ಷಣೆಗೆ ಎನ್ನುವುದು. ಹೈಡ್ರೋಜನ್ ಬಾಂಬು ಬಿದ್ದ ಮೇಲೆ ಏರ್‌ಶೈರಿನಲ್ಲಿ ರಕ್ಷಿಸಲು ಏನು ಉಳಿದಿರುತ್ತದೆ ಎಂಬ ಅವರ ಸಂಶಯಕ್ಕೆ ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಉತ್ತರ ತಿಳಿದಿರಲಿಲ್ಲ. ಆದರೆ ಮೂರಕ್ಕೂ ಬಜೆಟ್ ಇತ್ತು.

ಹ್ಯೂಸ್ ಒಬ್ಬರೇ ತಲೆಹರಟೆ ಎಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ನಡುಮಧ್ಯದಲ್ಲಿ ಕೊವೆಂಟ್ರಿ ಎಂಬ ನಗರವಿದೆ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಅದನ್ನು ಸುಟ್ಟು ಹಾಕಿ ಐನೂರಕ್ಕೂ ಹೆಚ್ಚು ಜನರನ್ನು ಕೊಂದಿದ್ದವು. ಬಾಂಬು ಬಿದ್ದರೆ ಏನಾಗುತ್ತದೆಂದು ಅಲ್ಲಿನವರಿಗೆ ಸರ್ಕಾರಿ ಕೈಪಿಡಿಯಿಂದ ತಿಳಿಯಬೇಕಾದ್ದೇನೂ ಇರಲಿಲ್ಲ. 1954ರ ಮಾರ್ಚ್‌ನಲ್ಲಿ ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ 15 ಮೆಗಾಟನ್ನಿನ ಹೈಡ್ರೋಜನ್ ಬಾಂಬು ಸಿಡಿಸಿತು. ಮುಂದಿನ ತಿಂಗಳೇ ಕೊವೆಂಟ್ರಿ ನಗರಸಭೆ ಕೂತು, ಇಂಥದ್ದರ ಎದುರು ನೀರಿನ ಪೈಪು ಹಿಡಿದು ನಿಲ್ಲುವುದು ಹಾಸ್ಯಾಸ್ಪದ ಎಂದು ತನ್ನ ನಾಗರಿಕ ರಕ್ಷಣಾ ಸಮಿತಿಯನ್ನೇ ಬರಖಾಸ್ತು ಮಾಡಿತು. ಲಂಡನ್ನಿನಲ್ಲಿ ಗೃಹ ಮಂತ್ರಿಗಳಿಗೆ ಕೆಂಡಾಮಂಡಲ ಕೋಪ. ಚರಂಡಿ ನೋಡಿಕೊಳ್ಳಬೇಕಾದ ನಗರಸಭೆ ಅಣುಬಾಂಬಿನ ಬಗ್ಗೆ ಅಭಿಪ್ರಾಯ ಹೇಳುವುದೇ? ಸರ್ಕಾರ ತನ್ನದೇ ಆಯುಕ್ತರನ್ನು ಕಳಿಸಿ ಆ ನಗರವನ್ನು ಕಡ್ಡಾಯವಾಗಿ ರಕ್ಷಿಸಿಕೊಳ್ಳುವಂತೆ ಮಾಡಿತು.

ಮಜಾ ಇರುವುದು ಮುಂದೆ. 1955ರಲ್ಲಿ ವಿಲಿಯಂ ಸ್ಟ್ರ್ಯಾತ್ ಎಂಬ ಅಧಿಕಾರಿಯ ನೇತೃತ್ವದ ಗುಂಪು ಸರ್ಕಾರಕ್ಕೊಂದು ಗುಟ್ಟಿನ ವರದಿ ಕೊಟ್ಟಿತು. ಹತ್ತು ಹೈಡ್ರೋಜನ್ ಬಾಂಬು ಬಿದ್ದರೆ 1 ಕೋಟಿ 20 ಲಕ್ಷ ಬ್ರಿಟಿಷರು ಸಾಯುತ್ತಾರೆ, 40 ಲಕ್ಷ ಮಂದಿ ತೀವ್ರವಾಗಿ ಗಾಯಗೊಳ್ಳುತ್ತಾರೆ ಎಂದಿತು. ಸರ್ಕಾರ ವರದಿಯನ್ನು ಪೆಟ್ಟಿಗೆಯಲ್ಲಿಟ್ಟಿತು. ಅದಾಗಿ ಎರಡು ವರ್ಷಕ್ಕೆ, 1957ರ ಏಪ್ರಿಲ್‌ನಲ್ಲಿ, ರಕ್ಷಣಾ ಮಂತ್ರಿ ಡಂಕನ್ ಸ್ಯಾಂಡಿಸ್ ಶ್ವೇತಪತ್ರ ಹೊರಡಿಸಿ, ಅಣ್ವಸ್ತ್ರ ದಾಳಿಯಿಂದ ಈ ದೇಶದ ಜನರನ್ನು ಸಾಕಷ್ಟು ರಕ್ಷಿಸುವ ಉಪಾಯ ಸದ್ಯಕ್ಕಿಲ್ಲ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕೊವೆಂಟ್ರಿಯ ನಗರಸಭೆ ಹೇಳಿದ್ದೂ ಅದನ್ನೇ. ನಗರಸಭೆ ಹೇಳಿದಾಗ ಅದು ಕರ್ತವ್ಯಲೋಪ. ಮೂರು ವರ್ಷ ಕಳೆದು ಮಂತ್ರಿ ಹೇಳಿದಾಗ ಅದು ರಕ್ಷಣಾ ನೀತಿ. ನಗರಸಭೆಯವರು ಆಯುಕ್ತರ ವೆಚ್ಚ ವಾಪಸು ಕೇಳಬಹುದಿತ್ತು, ಆದರೆ ಅಂಥ ಪ್ರಶ್ನೆಗೂ ಸಾರ್ವಜನಿಕ ಹಿತ ಅಡ್ಡ ಬರುತ್ತಿತ್ತೇನೋ.

ಈಗ ಸ್ವಲ್ಪ ಹೊತ್ತು ನಗೆ ಬದಿಗಿಡಬೇಕು. 1950ರ ಸೆಪ್ಟೆಂಬರ್ 7ರ ಸಂಜೆ ಹ್ಯೂಸ್ ಅವರ ಕ್ಷೇತ್ರದಲ್ಲಿ, ನ್ಯೂ ಕಮ್ನಾಕ್ ಎಂಬ ಊರಿನ ನಾಕ್‌ಶಿನಾಕ್ ಕಾಸಲ್ ಗಣಿಯ ಮೇಲಿನ ಹೊಲ ಕುಸಿಯಿತು. ಕೆಳಗಿನಿಂದ ಮೇಲ್ಮುಖವಾಗಿ ಕೊರೆದುಕೊಂಡು ಬಂದ ಸುರಂಗ ನೆಲಮಟ್ಟಕ್ಕೆ ತೀರ ಹತ್ತಿರ ಬಂದುಬಿಟ್ಟಿತ್ತು. ಮಳೆಯಲ್ಲಿ ನೆನೆದು ಅಂಬಲಿಯಂತಾಗಿದ್ದ ಜವುಗು ಮಣ್ಣು ಸುರಂಗಗಳೊಳಗೆ ಹರಿದು ಬಂತು. 129 ಮಂದಿ ಒಳಗೆ ಸಿಕ್ಕಿಕೊಂಡರು. ಪಕ್ಕದಲ್ಲಿ ಕೈಬಿಟ್ಟ ಹಳೆಯ ಗಣಿಯೊಂದಿತ್ತು, ತುಂಬ ವಿಷಾನಿಲ. ನಡುವಿನ ಕಲ್ಲಿದ್ದಲ ಗೋಡೆ ಒಡೆದು, ಉಸಿರಾಟದ ಉಪಕರಣಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ, ಆ ವಿಷದ ನಡುವೆ 116 ಮಂದಿಯನ್ನು ನಡೆಸಿಕೊಂಡು ಹೊರತಂದರು. 13 ಮಂದಿ ಬರಲಿಲ್ಲ. ಈ ಕಥೆಯ ಮೇಲೆ 1952ರಲ್ಲಿ ಸಿನಿಮಾ ಕೂಡ ಬಂತು.

ಅದಾದ ಮೇಲೆ ನಡೆದದ್ದು ಒಂದು ಸರ್ಕಾರ ನಡೆದುಕೊಳ್ಳಬೇಕಾದ ರೀತಿ. ಬಹಿರಂಗ ವಿಚಾರಣೆ ಆಯಿತು. ಗಣಿಗಳ ಮುಖ್ಯ ತಪಾಸಣಾಧಿಕಾರಿ ಸರ್ ಆಂಡ್ರೂ ಬ್ರಯಾನ್ ಅವರ ವರದಿ 1951ರಲ್ಲಿ ಅಚ್ಚಾಗಿ ಹೊರಬಂತು. ಸುರಂಗ ಎಲ್ಲಿತ್ತು, ಮೇಲೆ ಎಷ್ಟು ಮಣ್ಣಿತ್ತು, ಯಾರಿಗೆ ಏನು ಗೊತ್ತಿತ್ತು, ಎಲ್ಲವೂ ಅದರಲ್ಲಿತ್ತು. ಸತ್ತವನ ಹೆಂಡತಿ ಬಯಸಿದರೆ ಅಂಗಡಿಗೆ ಹೋಗಿ ಅದನ್ನು ಕೊಂಡು ಓದಬಹುದಿತ್ತು.

ಏಳು ವರ್ಷ ಕಳೆಯಿತು. 1957ರ ಅಕ್ಟೋಬರ್ 10ರಂದು, ಸ್ಕಾಟ್‌ಲೆಂಡಿನ ಗಡಿಯಿಂದ ದೂರವೇನೂ ಅಲ್ಲದ ಕಂಬರ್‌ಲೆಂಡ್ ಕರಾವಳಿಯ ವಿಂಡ್‌ಸ್ಕೇಲ್‌ನಲ್ಲಿ, ಬಾಂಬಿಗಾಗಿ ಪ್ಲುಟೋನಿಯಂ ತಯಾರಿಸುವ ಒಂದನೇ ಸ್ಥಾವರಕ್ಕೆ ಬೆಂಕಿ ಹತ್ತಿಕೊಂಡಿತು. ಮರುದಿನ ನೀರು ಬಿಟ್ಟು ಆರಿಸಿದರು. ಆ ಚಿಮಣಿಗಳ ತುದಿಯಲ್ಲಿ ಸೋಸುವ ಜಾಲರಿಗಳಿದ್ದವು. ವಿಜ್ಞಾನಿ ಜಾನ್ ಕಾಕ್‌ಕ್ರಾಫ್ಟ್ ಹಟ ಹಿಡಿದು ಕೂರಿಸಿದ್ದಂಥವು. ದುಂದುವೆಚ್ಚವೆಂದು ಎಲ್ಲರೂ ನಕ್ಕು ಅವಕ್ಕೆ ‘ಕಾಕ್‌ಕ್ರಾಫ್ಟನ ಮೂರ್ಖತನ’ ಎಂದೇ ಹೆಸರಿಟ್ಟಿದ್ದರು. ಆ ಮೂರ್ಖತನ ಇದ್ದದ್ದರಿಂದ ಹೊರಗೆ ಬಂದ ವಿಷ ಒಂದಿಷ್ಟು ಕಡಿಮೆಯಾಯಿತು. ಬಂದದ್ದೂ ಸಾಕಷ್ಟಿತ್ತು. ವಿಕಿರಣಶೀಲ ಅಯೋಡಿನ್ ಹುಲ್ಲಿನ ಮೇಲೆ ಕೂತು, ಹಸುವಿನ ಹೊಟ್ಟೆಗಿಳಿದು, ಕೆಚ್ಚಲಿಗೆ ಬಂತು. ಸುಮಾರು 200 ಚದರ ಮೈಲಿ ಸೀಮೆಯ ಹಾಲನ್ನು ಯಾರೂ ಕುಡಿಯಬಾರದೆಂದು ಸಾರಿ, ನೀರು ಬೆರೆಸಿ, ಹೊಳೆಗೂ ಸಮುದ್ರಕ್ಕೂ ಚೆಲ್ಲಿದರು. ಮಗು ಕುಡಿಯುವ ಹಾಲಿನಲ್ಲಿ ಎಷ್ಟು ಅಯೋಡಿನ್ ಇದ್ದರೆ ಪರವಾಗಿಲ್ಲ ಎಂಬ ಮಿತಿ ಅಲ್ಲಿಯವರೆಗೆ ಇರಲೇ ಇಲ್ಲ. ಬೆಂಕಿ ಬಿದ್ದ ಮೇಲೆ ತಜ್ಞರು ಅವಸರದಲ್ಲಿ ಕೂತು ನಿಗದಿ ಮಾಡಿದರು.

ಹಾಲು ಎಂಬುದು ಏರ್‌ಶೈರ್‌ನಂಥ ಸೀಮೆಯಲ್ಲಿ ಶುದ್ಧ ಸ್ಥಳೀಯ ಪ್ರಶ್ನೆ. ಬೆಲೆ ಎಷ್ಟು, ಸಾಗಣೆ ಹೇಗೆ ಎಂದು ಕೇಳಿದ್ದಕ್ಕೆಲ್ಲ ಮಂತ್ರಿಗಳು ಔನ್ಸಿನ ಲೆಕ್ಕ ಕೊಡುತ್ತಿದ್ದ ಪದಾರ್ಥ ಅದು. ಅದು ಹೊಳೆಗೆ ಹರಿದ ದಿನ ಲೆಕ್ಕ ಕೊಡುವ ಬಾಯಿಗಳು ಮುಚ್ಚಿಕೊಂಡವು. ವಿಜ್ಞಾನಿ ವಿಲಿಯಂ ಪೆನ್ನಿ ಕೆಲವೇ ದಿನಗಳಲ್ಲಿ ವಿಚಾರಣೆ ಮುಗಿಸಿ ವರದಿ ಕೊಟ್ಟರು. ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಅದನ್ನು ಓದಿ, ಹೊರಗೆ ಹೋಗದಂತೆ ನೋಡಿಕೊಂಡರು. ಅವರಿಗೆ ಅವರದೇ ಸ್ಥಳೀಯ ಪ್ರಶ್ನೆಯಿತ್ತು: ವಾಷಿಂಗ್ಟನ್. ಬಾಂಬಿನ ಗುಟ್ಟುಗಳನ್ನು ಹಂಚಿಕೊಳ್ಳಲು ಅಮೆರಿಕದ ಸಂಸತ್ತು ಒಪ್ಪುವ ಹೊತ್ತಿನಲ್ಲಿ, ನಮ್ಮ ಸ್ಥಾವರಕ್ಕೆ ನಾವೇ ಬೆಂಕಿ ಹಚ್ಚಿಕೊಂಡೆವು ಎಂದರೆ ಸಂಬಂಧ ಮುರಿಯುವುದಿಲ್ಲವೇ? ನವೆಂಬರಿನಲ್ಲಿ ಸದನದ ಮುಂದೆ ಬಂದದ್ದು ಸೋಸಿದ ಶ್ವೇತಪತ್ರ. ಕಾಕ್‌ಕ್ರಾಫ್ಟನ ಜಾಲರಿಗಳಿಗಿಂತ ಚೆನ್ನಾಗಿ ಸೋಸಿದ್ದು. ಅದರ ಪ್ರಕಾರ ತಪ್ಪು ಮುಖ್ಯವಾಗಿ ಸ್ಥಾವರದಲ್ಲಿದ್ದವರ ತೀರ್ಪಿನದು. ಬಾಂಬಿಗಾಗಿ ಅವರನ್ನು ಓಡಿಸುತ್ತಿದ್ದ ಅವಸರದ್ದಲ್ಲ. ಅದೇ ತಿಂಗಳು ಪೆಸಿಫಿಕ್ ಸಾಗರದ ಕ್ರಿಸ್ಮಸ್ ದ್ವೀಪದಲ್ಲಿ ಬ್ರಿಟನ್ ತನ್ನ ಮೆಗಾಟನ್ ಬಾಂಬನ್ನು ಯಶಸ್ವಿಯಾಗಿ ಸಿಡಿಸಿತು. ಮುಂದಿನ ಜುಲೈನಲ್ಲಿ ಅಮೆರಿಕದ ಒಪ್ಪಂದಕ್ಕೆ ಸಹಿಯೂ ಬಿತ್ತು. ಹಾಲು ಚೆಲ್ಲಿದ ರೈತರಿಗೆ ಪರಿಹಾರ ಸಿಕ್ಕಿತು. ಹೀಗೆ ಎಲ್ಲರ ಲೆಕ್ಕವೂ ಚುಕ್ತಾ ಆಯಿತು, ಏನು ನಡೆಯಿತು ಎಂಬ ಒಂದು ಬಾಬ್ತಿನ ಹೊರತು. ಹದಿಮೂರು ಗಣಿ ಕಾರ್ಮಿಕರು ಸತ್ತದ್ದಕ್ಕೆ ನಕ್ಷೆಗಳ ಸಮೇತ ಉತ್ತರ ಕೊಟ್ಟ ಅದೇ ದೇಶ ಇದು.

ಇಂಥ ಸದನದಲ್ಲಿ ಹ್ಯೂಸ್ ಅವರಿಗೆ ಎದುರು ಪಕ್ಷದವರಿಂದ ಹೆಚ್ಚು ತೊಂದರೆಯಾಗಲಿಲ್ಲ. ಕನ್ಸರ್ವೇಟಿವ್ ಮಂತ್ರಿಗಳು ಅವರನ್ನು ಸಹಿಸಿಕೊಂಡರು, ಕೆಲವರು ಮೆಚ್ಚಿಕೊಂಡೂ ಇದ್ದಿರಬೇಕು. ಎದುರುಪಕ್ಷದಲ್ಲಿ ತಮಾಷೆಯ ಮನುಷ್ಯನೊಬ್ಬ ಇದ್ದರೆ ಸರ್ಕಾರಕ್ಕೆ ಬೇಸರ ಕಳೆಯುತ್ತದೆ. ಹೊಡೆತ ಬಿದ್ದದ್ದು ಸ್ವಂತ ಮನೆಯವರಿಂದ. ಮಾವ ಕಟ್ಟಿದ ಪಕ್ಷ ಅಳಿಯನನ್ನು ಎರಡು ಸಲ ಶಾಸಕಾಂಗ ಪಕ್ಷದಿಂದ ಹೊರಗೆ ನಿಲ್ಲಿಸಿತು. ಮೊದಲನೆಯದು 1954ರ ನವೆಂಬರ್‌ನಲ್ಲಿ. ಪಶ್ಚಿಮ ಜರ್ಮನಿಯ ಕೈಗೆ ಮತ್ತೆ ಶಸ್ತ್ರ ಕೊಡಬೇಕೆಂಬ ಒಪ್ಪಂದ ಮತಕ್ಕೆ ಬಂದಾಗ ಲೇಬರ್ ಪಕ್ಷ ಗಹನವಾಗಿ ಆಲೋಚಿಸಿ, ಪರವಾಗಿಯೂ ಬೇಡ ವಿರುದ್ಧವಾಗಿಯೂ ಬೇಡ, ತಟಸ್ಥವಾಗಿರೋಣ ಎಂದು ನಿರ್ಧರಿಸಿತು. ಹ್ಯೂಸ್ ಮತ್ತು ಇನ್ನೈದು ಜನ ವಿರುದ್ಧ ಮತ ಹಾಕಿದರು. ಎರಡನೆಯದು 1961ರ ಮಾರ್ಚ್‌ನಲ್ಲಿ. ಸೇನಾ ವೆಚ್ಚದ ಬೇಡಿಕೆಗಳ ಮೇಲೆ ಮತದಾನ. ಪಕ್ಷದ ಆದೇಶ ಮತ್ತೆ ತಟಸ್ಥ. ಈ ಸಲ ಮೈಕೆಲ್ ಫುಟ್, ಸಿಡ್ನಿ ಸಿಲ್ವರ್‌ಮನ್, ಎಸ್. ಒ. ಡೇವಿಸ್, ವಿಲಿಯಂ ಬ್ಯಾಕ್ಸ್‌ಟರ್ ಅವರ ಜೊತೆ ಹ್ಯೂಸ್ ಹೊರಬಿದ್ದರು.

ಗಮನಿಸಬೇಕು: ಎರಡು ಸಲವೂ ಅವರ ಅಪರಾಧ ತಪ್ಪು ಕಡೆಗೆ ಮತ ಹಾಕಿದ್ದಲ್ಲ, ಮತ ಹಾಕಿದ್ದು. ಅಣ್ವಸ್ತ್ರದ ವಿಷಯದಲ್ಲಿ ಒಂದು ದೊಡ್ಡ ಪಕ್ಷಕ್ಕೆ ಅಭಿಪ್ರಾಯವಿಲ್ಲದಿರುವುದೇ ಅಭಿಪ್ರಾಯ. ಅಭಿಪ್ರಾಯ ಇರುವವನು ಅಂಥಲ್ಲಿ ಶಿಸ್ತು ಕೆಡಿಸುತ್ತಾನೆ. 1961ರ ಪ್ರಕರಣವಂತೂ ಇನ್ನೂ ಸೊಗಸು. ಅದಕ್ಕೆ ಐದು ತಿಂಗಳ ಹಿಂದೆ, 1960ರ ಅಕ್ಟೋಬರಿನಲ್ಲಿ, ಸ್ಕಾರ್ಬರೋದಲ್ಲಿ ಸೇರಿದ ಲೇಬರ್ ಮಹಾಧಿವೇಶನ ಬ್ರಿಟನ್ ತಾನಾಗಿಯೇ ಅಣ್ವಸ್ತ್ರ ತ್ಯಜಿಸಬೇಕೆಂದು ಬಹುಮತದಿಂದ ಗೊತ್ತುವಳಿ ಮಾಡಿತ್ತು. ನಾಯಕ ಹ್ಯೂ ಗೇಟ್ಸ್‌ಕೆಲ್ ಅಲ್ಲೇ ವೇದಿಕೆಯ ಮೇಲೆ ನಿಂತು, ಇದನ್ನು ನಾನು ಒಪ್ಪುವುದಿಲ್ಲ, ಹೋರಾಡುತ್ತೇನೆ ಎಂದಿದ್ದರು. ಅಂದರೆ ಪಕ್ಷದ ತೀರ್ಮಾನವನ್ನು ಧಿಕ್ಕರಿಸಿದವರು ನಾಯಕರಾಗಿ ಮುಂದುವರಿದರು, ಪಾಲಿಸಿದವರು ಬೀದಿಗೆ ಬಿದ್ದರು. ಶಿಸ್ತು ಎಂಬುದು ಹೀಗೇ ಕೆಲಸ ಮಾಡುತ್ತದೆಂದು ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳುವ ಅಗತ್ಯ ಕಾಣುವುದಿಲ್ಲ.

ಅದೇ ಮಾರ್ಚ್ ತಿಂಗಳ 3ರಂದು ಇನ್ನೊಂದು ಘಟನೆ ನಡೆಯಿತು. ಅಮೆರಿಕದ ‘ಪ್ರೋಟಿಯಸ್’ ಎಂಬ ಹಡಗು ಕ್ಲೈಡ್ ನದಿಯ ಅಳಿವೆಗೆ ಬಂದು, ಹೋಲಿ ಲಾಖ್ ಎಂಬ ಪುಟ್ಟ ಹಿನ್ನೀರಿನಲ್ಲಿ ಲಂಗರು ಹಾಕಿತು. ಅದು ಪೊಲಾರಿಸ್ ಕ್ಷಿಪಣಿ ಹೊತ್ತ ಜಲಾಂತರ್ಗಾಮಿಗಳ ಆರೈಕೆಗೆ ಬಂದದ್ದು. ಕೆಲವೇ ದಿನಗಳಲ್ಲಿ ಮೊದಲ ಜಲಾಂತರ್ಗಾಮಿಯೂ ಬಂತು. ಹೊಟ್ಟೆಯಲ್ಲಿ ಹದಿನಾರು ಕ್ಷಿಪಣಿ. ಅಲ್ಲಿಂದ ಸ್ಕಾಟ್‌ಲೆಂಡಿನ ಅತಿದೊಡ್ಡ ನಗರ ಗ್ಲ್ಯಾಸ್ಗೋ ಸುಮಾರು 30 ಮೈಲಿ. ಕಡಲಿಗೆ ಹೋಗುವ ದಾರಿ ಏರ್‌ಶೈರ್ ಕರಾವಳಿಯ ಮುಂದೆಯೇ ಹಾಯುತ್ತದೆ. ಅಂತೂ ಬಾಂಬು ಅಧಿಕೃತವಾಗಿ ಸ್ಥಳೀಯ ಪ್ರಶ್ನೆಯಾಯಿತು.

ಸ್ಕಾಟ್‌ಲೆಂಡಿನ ಅಣು ಭೂಗೋಳ ಅಷ್ಟರಲ್ಲಾಗಲೇ ಕುತೂಹಲಕಾರಿಯಾಗಿತ್ತು. ವಿದ್ಯುತ್ತಿಗಾಗಿ ಹೊಸ ಬಗೆಯ ವೇಗದ ರಿಯಾಕ್ಟರ್ ಕಟ್ಟಬೇಕೆಂದಾಗ ಸರ್ಕಾರ ಭೂಪಟ ಹರಡಿ, ಜನವಸತಿಯಿಂದ ಆದಷ್ಟು ದೂರ ಎಂದು ಉತ್ತರದ ತುತ್ತತುದಿಯ ಡೌನ್‌ರೇ ಎಂಬಲ್ಲಿಗೆ ಹೋಯಿತು; ಸಾಲದೆಂದು ಅದನ್ನೊಂದು ದೊಡ್ಡ ಉಕ್ಕಿನ ಗೋಳದೊಳಗೆ ಕೂರಿಸಿತು. ದೀಪ ಉರಿಸುವ ರಿಯಾಕ್ಟರ್ ಅಪಾಯಕಾರಿಯಾದ್ದರಿಂದ ಕುರಿಗಳ ನಡುವೆ. ನಗರಗಳನ್ನು ಉರಿಸಲು ಬಂದ ಹಡಗುಗಳು, ತಮ್ಮ ರಿಯಾಕ್ಟರುಗಳ ಸಮೇತ, ಗ್ಲ್ಯಾಸ್ಗೋದ ಪಕ್ಕದಲ್ಲಿ. ಜಲಾಂತರ್ಗಾಮಿಯ ನಾವಿಕರಿಗೆ ಬೇಸರವಾಗದಂತೆ ಪೇಟೆ ಪಟ್ಟಣ ಹತ್ತಿರ ಇರಬೇಕೆಂಬುದು ಅಮೆರಿಕನ್ನರ ಅಪೇಕ್ಷೆಯಾಗಿತ್ತು. ಶತ್ರುವಿನ ಗುರಿಯಾಗುವ ಊರಿನಲ್ಲಿ ಸಿನಿಮಾ ಮಂದಿರವೂ ಇದ್ದರೆ ಕಾಲ ಚೆನ್ನಾಗಿ ಕಳೆಯುತ್ತದೆ.

ಗುಂಡಿ ಒತ್ತುವ ಮುಂಚೆ ನಮ್ಮನ್ನು ಕೇಳುತ್ತಾರೆಯೇ ಎಂಬುದು ಸ್ವಾಭಾವಿಕವಾಗಿ ಎದ್ದ ಪ್ರಶ್ನೆ. ಅಮೆರಿಕದ ನೆಲೆಗಳ ಬಗ್ಗೆ 1952ರಲ್ಲೇ ಚರ್ಚಿಲ್ ಮತ್ತು ಟ್ರೂಮನ್ ಸೇರಿ ಒಂದು ಸೂತ್ರ ಹೊಸೆದಿದ್ದರು: ತುರ್ತು ಸಂದರ್ಭದಲ್ಲಿ ನೆಲೆಗಳ ಬಳಕೆಯನ್ನು ಆ ಹೊತ್ತಿನ ಪರಿಸ್ಥಿತಿಯ ಬೆಳಕಿನಲ್ಲಿ ಎರಡೂ ಸರ್ಕಾರಗಳು ಜಂಟಿಯಾಗಿ ತೀರ್ಮಾನಿಸುವುದು. ಆ ಹೊತ್ತಿನಲ್ಲಿ ಬೆಳಕಿಗೇನೂ ಕೊರತೆ ಇರುವುದಿಲ್ಲ ಎಂಬುದಂತೂ ಖಚಿತ. ಆದರೆ ಈ ಸೂತ್ರ ನೆಲಕ್ಕೆ ಕಟ್ಟಿದ್ದು; ಜಲಾಂತರ್ಗಾಮಿ ನೀರಿನಲ್ಲಿರುತ್ತದೆ. ಸ್ಕಾಟ್‌ಲೆಂಡಿನಿಂದ ಹೊರಟು ನಡುಗಡಲಿನಲ್ಲಿ ಮುಳುಗಿದ ಮೇಲೆ ಅದು ವಾಷಿಂಗ್ಟನ್ನಿನ ಮಾತನ್ನಷ್ಟೇ ಕೇಳುತ್ತದೆ. ಮ್ಯಾಕ್‌ಮಿಲನ್ ಸದನದಲ್ಲಿ ಸಮಾಲೋಚನೆಯ ಭರವಸೆಯ ಮೇಲೆ ಭರವಸೆ ಹಾಸಿದರು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು; ಕೋಳಿಯ ಜೊತೆ ಸಂಪೂರ್ಣ ಸಮಾಲೋಚನೆ ನಡೆಸಲಾಗುವುದು ಎಂದು ಅದಕ್ಕೆ ತಿದ್ದುಪಡಿ ತಂದವರು ಮ್ಯಾಕ್‌ಮಿಲನ್.

ಕ್ಲೈಡ್ ದಂಡೆಯ ಜನ ಮಾತ್ರ ಸುಮ್ಮನೆ ಕೂರಲಿಲ್ಲ. ಪುಟ್ಟ ದೋಣಿಗಳನ್ನು ಹುಟ್ಟು ಹಾಕುತ್ತ ಹಡಗಿನ ಸುತ್ತ ಸುತ್ತಿದರು, ಜೆಟ್ಟಿಯ ಮೇಲೆ ಕೂತು ಪೊಲೀಸರಿಂದ ಎತ್ತಿಸಿಕೊಂಡರು. ಪ್ರೋಟಿಯಸ್‌ನ ಕ್ಯಾಪ್ಟನ್ ಅವರನ್ನು ನೋಡಿ ಎಸ್ಕಿಮೋಗಳ ಗುಂಪು ಎಂದು ಹಳಿದ. ಹಳಿದದ್ದೇ ತಡ, ಗ್ಲ್ಯಾಸ್ಗೋದವರು ತಮ್ಮನ್ನು ತಾವು ಎಸ್ಕಿಮೋಗಳೆಂದೇ ಕರೆದುಕೊಂಡು ಅದರ ಮೇಲೆ ಹಾಡು ಕಟ್ಟಿ ಹಾಡತೊಡಗಿದರು. ಹ್ಯೂಸ್ ಅವರ ತಮಾಷೆ ಎಲ್ಲಿಂದ ಬಂತೆಂದು ಕೇಳುವವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಆ ಜನರ ನಡುವೆ ಮೂವತ್ತು ವರ್ಷ ಪತ್ರಿಕೆ, ನಗರಸಭೆ, ರಾಜಕೀಯ ಅಂತ ಓಡಾಡಿದವರು ಅವರು.

1963ರಲ್ಲಿ ಗೇಟ್ಸ್‌ಕೆಲ್ ತೀರಿಕೊಂಡು ಹೆರಾಲ್ಡ್ ವಿಲ್ಸನ್ ನಾಯಕರಾದರು. ಹ್ಯೂಸ್ ಅವರನ್ನು ಪಕ್ಷ ಮತ್ತೆ ಒಳಗೆ ಸೇರಿಸಿಕೊಂಡಿತು. ಅದೇ ವರ್ಷ ಸರ್ಕಾರ ಮನೆಮಂದಿಗಾಗಿ ಒಂದು ಕೈಪಿಡಿ ಅಚ್ಚು ಹಾಕಿಸಿತು. ಅಣ್ವಸ್ತ್ರ ದಾಳಿಯಾದರೆ ಏನು ಮಾಡಬೇಕು, ಬೆಲೆ ಒಂಬತ್ತು ಪೆನ್ಸ್. ಕಿಟಕಿಯ ಗಾಜಿಗೆ ಸುಣ್ಣ ಬಳಿಯಿರಿ, ಶಾಖ ಕಡಿಮೆ ತಗಲುತ್ತದೆ. ಮನೆಯ ಒಂದು ಕೋಣೆಯನ್ನು ಭದ್ರಪಡಿಸಿ ಹದಿನಾಲ್ಕು ದಿನದ ಊಟ ನೀರು ಇಟ್ಟುಕೊಳ್ಳಿ. ಯಾರ್ಕ್‌ಶೈರಿನ ಫೈಲಿಂಗ್‌ಡೇಲ್ಸ್‌ನಲ್ಲಿ ಅದೇ ವರ್ಷ ಶುರುವಾದ ರೇಡಾರ್ ಕೇಂದ್ರ ಕ್ಷಿಪಣಿ ಬರುವುದನ್ನು ನಾಲ್ಕು ನಿಮಿಷ ಮುಂಚೆ ಹೇಳುತ್ತಿತ್ತು. ನಾಲ್ಕು ನಿಮಿಷದಲ್ಲಿ ಎಷ್ಟು ಕಿಟಕಿಗೆ ಸುಣ್ಣ ಬಳಿಯಬಹುದು ಎಂಬುದನ್ನು ಕೈಪಿಡಿ ಹೇಳಲಿಲ್ಲ. ಪ್ರಶ್ನೋತ್ತರ ವೇಳೆಯಲ್ಲಾದರೆ ಅಷ್ಟು ಹೊತ್ತಿಗೆ ಒಂದು ಪ್ರಶ್ನೆ, ಎರಡು ಉಪಪ್ರಶ್ನೆ, ಸಾರ್ವಜನಿಕ ಹಿತದ ಒಂದು ನಿರಾಕರಣೆ ಆರಾಮವಾಗಿ ಮುಗಿಯುತ್ತವೆ. ಕಿಟಕಿ ಬಳಿಯಲು ಕೊವೆಂಟ್ರಿಗೆ ಆಯುಕ್ತರನ್ನು ಮತ್ತೆ ಕಳಿಸುವ ಯೋಚನೆ ಇದ್ದಂತಿಲ್ಲ.

ಮರುವರ್ಷ ಲೇಬರ್ ಅಧಿಕಾರಕ್ಕೆ ಬಂತು. ಮ್ಯಾಕ್‌ಮಿಲನ್ ಅಮೆರಿಕದಿಂದ ಕೊಳ್ಳಲು ಒಪ್ಪಿದ್ದ ಪೊಲಾರಿಸ್ ಬಗ್ಗೆ ಚುನಾವಣೆಗೆ ಮುಂಚೆ ಕಟಕಿಯಾಡಿದ್ದ ವಿಲ್ಸನ್, ಗೆದ್ದ ಮೇಲೆ ಅದನ್ನೇ ಮುಂದುವರಿಸಿದರು. ಹೋಲಿ ಲಾಖ್‌ನ ಪಕ್ಕದ ಇನ್ನೊಂದು ಹಿನ್ನೀರಿನಲ್ಲಿ, ಫ಼ಾಸ್‌ಲೇನ್‌ನಲ್ಲಿ, ಬ್ರಿಟನ್ನಿನದೇ ನೆಲೆ ಎದ್ದಿತು. ಹ್ಯೂಸ್ ಈಗ ತಮ್ಮದೇ ಸರ್ಕಾರಕ್ಕೆ ಅವೇ ಪ್ರಶ್ನೆ ಕೇಳತೊಡಗಿದರು. ಮಂತ್ರಿಗಳು ಬದಲಾಗಿದ್ದರೂ ಉತ್ತರ ಬದಲಾಯಿಸುವ ಕಷ್ಟ ಅವರಿಗೆ ಬರಲಿಲ್ಲ. 1966ರಲ್ಲಿ ಅವರು ಸಂಸತ್ತಿನ ಕರಿ ಕೋಲು, ವಿಗ್ಗು, ನಿಲುವಂಗಿಗಳ ಮಂತ್ರವಿದ್ಯೆಯ ಮೇಲೆಯೇ ಒಂದು ಪುಸ್ತಕ ಬರೆದರು. ಅರಸೊತ್ತಿಗೆಯ ದೂತ ಬಂದರೆ ಕಾಮನ್ಸ್‌ನ ಬಾಗಿಲು ಅವನ ಮುಖಕ್ಕೆ ಬಡಿಯುತ್ತದೆ, ಅವನು ಕೋಲಿನಿಂದ ಮೂರು ಸಲ ತಟ್ಟಬೇಕು. ರಾಜಸತ್ತೆಯ ವಿರುದ್ಧ ಜನಪ್ರತಿನಿಧಿಗಳ ಸ್ವಾತಂತ್ರ್ಯಕ್ಕೆ ಅದು ಸಂಕೇತವಂತೆ. ಆರು ಮಂದಿ ಮಂತ್ರಿಗಳು ಬಾಂಬು ಹಿಡಿದುಕೊಂಡು ಒಳಬಂದಾಗ ಆ ಬಾಗಿಲು ತೆರೆದೇ ಇತ್ತು.

ಹಾಗೆಂದು ಅವರ ಪ್ರಶ್ನೆಗಳಿಗೆ ಸರ್ಕಾರ ಉತ್ತರ ಕೊಡಲೇ ಇಲ್ಲ ಎಂದರೆ ಅನ್ಯಾಯವಾದೀತು. ಪೆನ್ನಿಯವರ ವಿಂಡ್‌ಸ್ಕೇಲ್ ವರದಿ ಮೂವತ್ತು ವರ್ಷದ ನಿಯಮದಂತೆ 1988ರ ಜನವರಿಯಲ್ಲಿ ಬಯಲಿಗೆ ಬಂತು. ಅಮೆರಿಕನ್ನರು 1992ರಲ್ಲಿ ಹೋಲಿ ಲಾಖ್ ಬಿಟ್ಟರು. 1 ಕೋಟಿ 20 ಲಕ್ಷ ಹೆಣಗಳ ಸ್ಟ್ರ್ಯಾತ್ ವರದಿ 2002ರಲ್ಲಿ ಪೆಟ್ಟಿಗೆಯಿಂದ ಹೊರಬಂತು. ದಕ್ಷಿಣ ಏರ್‌ಶೈರಿನ ಮಾನ್ಯ ಸದಸ್ಯರು 1969ರ ಅಕ್ಟೋಬರ್ 18ರಿಂದ ಸದನಕ್ಕೆ ಗೈರುಹಾಜರಾಗಿದ್ದ ಕಾರಣ, ಉಪಪ್ರಶ್ನೆಗಳನ್ನು ಕೇಳುವವರು ಯಾರೂ ಇರಲಿಲ್ಲ.